ತರಗತಿಯಲ್ಲಿ ಮೊಬೈಲ್ ಫೋನ್ ಬಳಕೆ

ತರಗತಿಯಲ್ಲಿ ಮೊಬೈಲ್ ಫೋನ್ ಬಳಕೆ ಎಂಬುದು ಪಾಠ ನಡೆಯುವ ವೇಳೆಯಲ್ಲಿ ವಿದ್ಯಾರ್ಥಿಗಳೂ ಶಿಕ್ಷಕರೂ ಫೋನನ್ನು ಬಳಸುವ ರೀತಿಯನ್ನು, ಅದಕ್ಕೆ ಸಂಬಂಧಿಸಿದ ನಿಯಮಗಳನ್ನು ಹಾಗೂ ಶಿಷ್ಟಾಚಾರವನ್ನು ಒಳಗೊಂಡ ವಿಷಯವಾಗಿದೆ. ಕರೆಯ ಸದ್ದೊಂದೇ ತೊಡಕಾಗಿದ್ದ ಕಾಲದಲ್ಲಿ ಫೋನನ್ನು ನಿಶ್ಶಬ್ದವಾಗಿಟ್ಟರೆ ಸಾಕಾಗುತ್ತಿತ್ತು. ಅಂತರಜಾಲ, ಕ್ಯಾಮೆರಾ, ಆಟಗಳು ಒಂದೇ ಉಪಕರಣದಲ್ಲಿ ಸೇರಿದ ಮೇಲೆ ಸದ್ದಿಲ್ಲದ ಫೋನೂ ಪಾಠಕ್ಕೆ ಅಡ್ಡಿಯಾಗಬಲ್ಲದು.

ಕಲಿಕೆಯ ಮೇಲಿನ ಪರಿಣಾಮ

2022ರ ಪೀಸಾ ಸಮೀಕ್ಷೆಯಲ್ಲಿ ಓಇಸಿಡಿ ರಾಷ್ಟ್ರಗಳ 15 ವರ್ಷದ ವಿದ್ಯಾರ್ಥಿಗಳ ಪೈಕಿ ಸರಾಸರಿ ಶೇ. 65ರಷ್ಟು ಮಂದಿ, ಕೆಲವು ಗಣಿತ ತರಗತಿಗಳಲ್ಲಾದರೂ ಡಿಜಿಟಲ್ ಉಪಕರಣಗಳ ಬಳಕೆಯಿಂದ ತಮ್ಮ ಗಮನ ಚದುರುತ್ತದೆ ಎಂದು ತಿಳಿಸಿದರು. ಸಹಪಾಠಿಗಳ ಉಪಕರಣದಿಂದ ಗಮನ ಚದುರುತ್ತದೆ ಎಂದವರು ಶೇ. 59. ಎರಡನೆಯ ಸಂಖ್ಯೆಯೇ ಹೆಚ್ಚು ಗಮನಾರ್ಹ. ನಷ್ಟವು ಫೋನ್ ಹಿಡಿದವನದು ಮಾತ್ರವಲ್ಲ, ಪಕ್ಕದ ಬೆಂಚಿನವನದೂ ಹೌದು. ಇಂಗ್ಲೆಂಡಿನ ನಾಲ್ಕು ನಗರಗಳ 91 ಶಾಲೆಗಳನ್ನು ಕುರಿತು ಬೆಲಾಂಡ್ ಮತ್ತು ಮರ್ಫಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫೋನ್ ನಿಷೇಧದ ತರುವಾಯ ಪರೀಕ್ಷಾ ಫಲಿತಾಂಶ ಸುಧಾರಿಸಿತು. ಇದರ ಪ್ರಯೋಜನ ಹೆಚ್ಚಾಗಿ ದೊರೆತದ್ದು ಕಲಿಕೆಯಲ್ಲಿ ಹಿಂದುಳಿದವರಿಗೆ. ಸ್ವೀಡನ್ನಿನಲ್ಲಿ ನಡೆದ ಅಂಥದೇ ಅಧ್ಯಯನದಲ್ಲಿ ಈ ಪರಿಣಾಮ ಕಂಡುಬರಲಿಲ್ಲ.

ನಿಯಮಗಳು

ಫ್ರಾನ್ಸ್ 2018ರ ಕಾನೂನಿನ ಮೂಲಕ ಸುಮಾರು 15 ವರ್ಷದವರೆಗಿನ ಮಕ್ಕಳ ಶಾಲೆಗಳಲ್ಲಿ ಫೋನ್ ಬಳಕೆಯನ್ನು ನಿಷೇಧಿಸಿತು. ಬೋಧನೆಯ ಉದ್ದೇಶಕ್ಕೂ ಅಂಗವೈಕಲ್ಯ ಅಥವಾ ಅನಾರೋಗ್ಯವುಳ್ಳ ಮಕ್ಕಳಿಗೂ ವಿನಾಯಿತಿ ಉಂಟು. ಭಾರತದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2025ರಲ್ಲಿ, ಸಂಪೂರ್ಣ ನಿಷೇಧವು ಅಪೇಕ್ಷಣೀಯವೂ ಅಲ್ಲ, ಕಾರ್ಯಸಾಧ್ಯವೂ ಅಲ್ಲ ಎಂದು ಅಭಿಪ್ರಾಯಪಟ್ಟಿತು. ಸಾಧ್ಯವಿರುವೆಡೆ ಶಾಲೆಯ ಆರಂಭದಲ್ಲಿ ಫೋನನ್ನು ಒಪ್ಪಿಸಿ ಸಂಜೆ ಮರಳಿ ಪಡೆಯುವ ವ್ಯವಸ್ಥೆಯನ್ನು ಸೂಚಿಸಿತು. ತರಗತಿಯಲ್ಲಿ ಬಳಕೆಗೆ ಅವಕಾಶ ನೀಡಲಿಲ್ಲ.

ಶಿಷ್ಟಾಚಾರ

ಫೋನನ್ನು ಮೇಜಿನ ಮೇಲಾಗಲಿ ತೊಡೆಯ ಮೇಲಾಗಲಿ ಇರಿಸದೆ ಚೀಲದೊಳಗಿಡುವುದು, ತುರ್ತು ಕರೆಯ ನಿರೀಕ್ಷೆಯಿದ್ದರೆ ಮೊದಲೇ ತಿಳಿಸುವುದು, ಅನುಮತಿಯಿಲ್ಲದೆ ಪಾಠವನ್ನಾಗಲಿ ಸಹಪಾಠಿಗಳನ್ನಾಗಲಿ ಚಿತ್ರೀಕರಿಸದಿರುವುದು ಸಾಮಾನ್ಯವಾಗಿ ಒಪ್ಪಿತವಾದ ನಡವಳಿಕೆಗಳು. ಕಪ್ಪುಹಲಗೆಯ ಛಾಯಾಚಿತ್ರ ತೆಗೆದುಕೊಳ್ಳುವುದರ ಬಗ್ಗೆ ಭಿನ್ನಾಭಿಪ್ರಾಯವಿದೆ. ಗೈರುಹಾಜರಾದವರಿಗೆ ಅದು ಉಪಕಾರಿ. ಆದರೆ ಬರೆದುಕೊಳ್ಳುವಾಗ ನಡೆಯುವ ಆಲೋಚನೆ ಚಿತ್ರ ತೆಗೆಯುವಾಗ ನಡೆಯುವುದಿಲ್ಲ. ನಿಯಮವು ಶಿಕ್ಷಕರಿಗೂ ಅನ್ವಯಿಸಬೇಕಾದದ್ದು: ಪಾಠದ ನಡುವೆ ಕರೆ ಸ್ವೀಕರಿಸುವ ಶಿಕ್ಷಕರು ಮಕ್ಕಳ ಫೋನನ್ನು ವಶಪಡಿಸಿಕೊಂಡರೆ ಅದನ್ನು ಶಿಸ್ತೆಂದು ಯಾರೂ ಭಾವಿಸುವುದಿಲ್ಲ.

ಕರ್ನಾಟಕದಲ್ಲಿ

2020ರಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ, ಅಲ್ಲಿಯವರೆಗೆ ಚೀಲದಲ್ಲಿ ಸಿಕ್ಕರೆ ಕಿತ್ತುಕೊಳ್ಳುತ್ತಿದ್ದ ಫೋನೇ ಪಾಠಶಾಲೆಯಾಯಿತು. ಅದೇ ವರ್ಷ ಆರಂಭವಾದ ವಿದ್ಯಾಗಮ ಕಾರ್ಯಕ್ರಮದಲ್ಲಿ ಅಂತರಜಾಲ ಸಹಿತ ಫೋನ್ ಉಳ್ಳವರು, ಸಾಧಾರಣ ಫೋನ್ ಉಳ್ಳವರು, ಏನೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಲಾಯಿತು. ಶಿಕ್ಷಕರು ಊರೂರಿಗೆ ತೆರಳಿ ಮರದಡಿಯಲ್ಲಿ, ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದರು. ಶಾಲೆಗಳು ಪುನಃ ತೆರೆದ ಮೇಲೂ ಗೃಹಪಾಠವನ್ನು ವಾಟ್ಸಾಪ್ ಗುಂಪಿಗೆ ಕಳುಹಿಸುವ ರೂಢಿ ಹಲವೆಡೆ ಉಳಿದಿದೆ. ಮನೆಗೊಂದೇ ಫೋನಿದ್ದು, ಅದು ತಂದೆಯೊಡನೆ ಕೆಲಸಕ್ಕೆ ಹೋಗುವ ಕುಟುಂಬಗಳಲ್ಲಿ ಆ ಸಂದೇಶ ಮಗುವಿಗೆ ತಲುಪುವುದು ರಾತ್ರಿಯೇ.