ಪ್ರಾಯೋಗಿಕ ಅಕ್ಷರವಿನ್ಯಾಸ

ರೂಢಿಯ ಲೇಖನಿ, ಎರಕದ ಮೊಳೆಗಳನ್ನು ಬಿಟ್ಟು ತಗಡು, ಕತ್ತರಿಸಿದ ಕಾಗದ, ಆಲೂಗಡ್ಡೆಯ ಅಚ್ಚು, ಬಿದಿರುಕಡ್ಡಿಗಳಿಂದ ಕೈಯಾರೆ ಅಕ್ಷರ ರೂಪಿಸುವ ಕಲೆ. ಹೀಗೆ ಮೂಡಿದ ಅಕ್ಷರಗಳನ್ನು ಫಾಂಟ್ ಆಗಿಸುವುದೂ ಇದರಲ್ಲಿ ಸೇರುತ್ತದೆ.

ವಿಧಾನ: ಇಲ್ಲಿ ಸಾಧನವೇ ಅಕ್ಷರದ ರೂಪವನ್ನು ತಿದ್ದುತ್ತದೆ. ನಾಗಪುರದ ಕಳಮನಾದಂಥ ಸಗಟು ಮಾರುಕಟ್ಟೆಗಳಲ್ಲಿ ಚೀಲಗಳಿಗೆ ಗುರುತು ಹಾಕಲು ಒದಗುವ ತಗಡಿನ ಅಚ್ಚು ಒಳ್ಳೆಯ ಉದಾಹರಣೆ. ಅದರಲ್ಲಿ ಕನ್ನಡದ ‘ಠ’ ಕೊರೆದರೆ ನಡುವಿನ ತುಂಡು ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ಬಿಡುವ ಸಣ್ಣ ಪಟ್ಟಿಗಳು ದುಂಡನ್ನು ಅಲ್ಲಲ್ಲಿ ತುಂಡರಿಸಿ ಅಕ್ಷರಕ್ಕೆ ಹೊಸ ಚಹರೆ ಕೊಡುತ್ತವೆ. ಚಪ್ಪಟೆ ಬ್ರಷ್ಷಿನಲ್ಲಾದರೆ ತಲೆಕಟ್ಟು ಒಂದೇ ಎಳೆತಕ್ಕೆ ಮೂಡುತ್ತದೆ.

ಇತಿಹಾಸ: ಹರ್ಮನ್ ಮೊಗ್ಲಿಂಗ್ 1843ರಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣಗೊಂಡಿತು. ಕಲ್ಲಚ್ಚಿನಲ್ಲಿ ಕೈಯಿಂದ ಬರೆದದ್ದೇ ಅಚ್ಚಾಗುವುದರಿಂದ ಕನ್ನಡದ ಈ ಮೊದಲ ಪತ್ರಿಕೆ ಓದುಗರನ್ನು ತಲುಪಿದ್ದು ಕೈಬರಹದ ರೂಪದಲ್ಲೇ.

ಈಚಿನ ಪ್ರಯೋಗಗಳು: ದೆಹಲಿಯ ಹನೀಫ್ ಕುರೇಶಿ ಬೀದಿ ಪೇಂಟರುಗಳ ಅಕ್ಷರಗಳನ್ನು ಅವರದೇ ಹೆಸರಿನ ಫಾಂಟುಗಳಾಗಿ ಉಳಿಸಿದರು, ‘ಪೇಂಟರ್ ಕಫೀಲ್’ ಅವುಗಳಲ್ಲೊಂದು. ವೈಷ್ಣವಿ ಮೂರ್ತಿ ಅವರ ‘ಅಕಾಯಾ ಕನಡಕ’ ಕನ್ನಡದ ಪ್ರಾಯೋಗಿಕ ಫಾಂಟ್. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಲಭ್ಯ. ಇದರ ಲ್ಯಾಟಿನ್ ಅಕ್ಷರಗಳು ಹ್ವಾನ್ ಲೂಯಿಸ್ ಬ್ಲಾಂಕೊ ಅವರವು.

ಸವಾಲು: ಫಲಕವೊಂದಕ್ಕೆ ಏಳೆಂಟು ಅಕ್ಷರ ಸಾಕು, ಫಾಂಟಿಗೆ ಕಾಗುಣಿತ, ಒತ್ತಕ್ಷರಗಳೆಲ್ಲವೂ ಬೇಕು. ಆದ್ದರಿಂದ ಫ್ಲೆಕ್ಸ್ ಬ್ಯಾನರುಗಳ ನಡುವೆ ಮರೆಯಾಗುತ್ತಿರುವ ನಮ್ಮ ಪೇಂಟರುಗಳಿಂದ ಪೂರ್ಣ ವರ್ಣಮಾಲೆಯನ್ನೇ ಬರೆಸಿ ಕಾಪಿಡುವುದು ತುರ್ತಿನ ಕೆಲಸ.