ದೆವ್ವ ಹೇಳಿದ ಅಡುಗೆಮನೆಯ ಲೆಕ್ಕ

ಪತ್ತೇದಾರಿ ಕಾದಂಬರಿಗಳಲ್ಲಿ ಒಂದು ಜಾತಿ ಇದೆ, ನೀವೂ ಓದಿರಬಹುದು. ಅಮೆರಿಕದ ದಕ್ಷಿಣದ ಕಡೆಯ ಒಂದು ಪುಟ್ಟ ಊರು. ಅಲ್ಲೊಂದು ಬೇಕರಿಯೋ ಹಳೇ ಪುಸ್ತಕದಂಗಡಿಯೋ. ಅದನ್ನು ನಡೆಸುವ ಹೆಂಗಸು, ಅವಳದೊಂದು ಬೆಕ್ಕು, ಜೊತೆಗೆ ಯಾರ ತಂಟೆಗೂ ಹೋಗದ ಒಂದು ಸಾಧು ದೆವ್ವ. ಊರಲ್ಲೊಂದು ಕೊಲೆ ಆಗುತ್ತದೆ, ಆದರೆ ರಕ್ತಗಿಕ್ತ ಏನೂ ಕಾಣಿಸುವುದಿಲ್ಲ. ದೆವ್ವ ಸುಳಿವು ಕೊಡುತ್ತದೆ, ಕೊನೆಗೆ ಎಲ್ಲರೂ ಕೂತು ಕೇಕ್ ತಿನ್ನುತ್ತಾರೆ. ಮಳೆಗಾಲದ ಸಂಜೆಗೆ, ಒಗ್ಗರಣೆ ಹಾಕಿದ ಮಂಡಕ್ಕಿ ಜೊತೆ, ಹೇಳಿ ಮಾಡಿಸಿದ ಓದು. ನಾನಂತೂ ಸುಮಾರು ಓದಿದ್ದೇನೆ.

ಹಾಗೆ ಓದುತ್ತಾ ಒಂದು ದಿನ ತಲೆಯಲ್ಲಿ ಹುಳ ಹೊಕ್ಕಿತು. ದೆವ್ವದ ಮಾತಿನಿಂದ ಕೊಲೆಗಾರ ಜೈಲಿಗೆ ಹೋಗಿದ್ದು ನಿಜವಾಗಿ ಎಲ್ಲಾದರೂ ಉಂಟಾ? ಹುಡುಕಿದೆ. ಉಂಟು! ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಗ್ರೀನ್‌ಬ್ರಯರ್ ಕೌಂಟಿ. ಇಸವಿ 1897.

ಜೋನಾ ಹೀಸ್ಟರ್ ಎಂಬ ಹುಡುಗಿ ಹಿಂದಿನ ವರ್ಷವಷ್ಟೇ ಊರಿಗೆ ಹೊಸದಾಗಿ ಬಂದ ಎಡ್ವರ್ಡ್ ಶೂ ಎಂಬ ಕಮ್ಮಾರನನ್ನು ಮದುವೆಯಾಗಿದ್ದಳು. ಮದುವೆಯಾಗಿ ಕೆಲವೇ ತಿಂಗಳು. ಜನವರಿ 23ರಂದು, ಯಾವುದೋ ಕೆಲಸಕ್ಕೆ ಶೂ ಕಳಿಸಿದ್ದ ಹುಡುಗನೊಬ್ಬ ಅವರ ಮನೆಗೆ ಹೋದಾಗ ಜೋನಾ ನೆಲದ ಮೇಲೆ ಸತ್ತು ಬಿದ್ದಿದ್ದಳು. ಡಾಕ್ಟರು ಬರುವಷ್ಟರಲ್ಲಿ ಗಂಡ ತಾನೇ ಹೆಣಕ್ಕೆ ಬಟ್ಟೆ ತೊಡಿಸಿ ಮುಗಿಸಿದ್ದ. ಅದೂ ಕುತ್ತಿಗೆ ಪೂರ್ತಿ ಮುಚ್ಚುವ ಎತ್ತರದ ಕಾಲರಿನ ಬಟ್ಟೆ. ಹೆಂಡತಿಯ ತಲೆಯನ್ನು ಎದೆಗವಚಿಕೊಂಡು ಗೋಳೋ ಅಂತ ಅಳುತ್ತಾ ಕೂತಿದ್ದ. ಕುತ್ತಿಗೆ ನೋಡಲು ಹೋದ ಡಾ. ಜಾರ್ಜ್ ನ್ಯಾಪ್ ಅವರ ಮೇಲೆ ರೇಗಿದ. ಪಾಪ, ದುಃಖದಲ್ಲಿದ್ದಾನೆ ಅಂತ ಡಾಕ್ಟರು ಸುಮ್ಮನಾದರು. ಸಹಜ ಸಾವು ಅಂತ ಬರೆದಿದ್ದೂ ಆಯಿತು, ಹೂಳಿದ್ದೂ ಆಯಿತು.

ಸುಮ್ಮನಾಗದವಳು ಒಬ್ಬಳೇ. ಜೋನಾಳ ಅಮ್ಮ ಮೇರಿ ಜೇನ್ ಹೀಸ್ಟರ್. ಅಳಿಯನನ್ನು ಕಂಡರೆ ಆಕೆಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಮಗಳು ನಾಲ್ಕು ರಾತ್ರಿ ತನ್ನ ಹತ್ತಿರ ಬಂದಳು, ಗಂಡ ಕುತ್ತಿಗೆ ಮುರಿದ ಅಂತ ಹೇಳಿದಳು ಎಂದು ಆಕೆ ಸರ್ಕಾರಿ ವಕೀಲ ಜಾನ್ ಪ್ರೆಸ್ಟನ್ ಹತ್ತಿರ ಹೋದಳು. ಪ್ರೆಸ್ಟನ್ ದೆವ್ವವನ್ನು ನಂಬಿದನೋ ಬಿಟ್ಟನೋ, ಅಮ್ಮನ ಮಾತನ್ನು ಕೂತು ಕೇಳಿದ. ಡಾಕ್ಟರನ್ನು ವಿಚಾರಿಸಿದ. ತಾನು ಸರಿಯಾಗಿ ಪರೀಕ್ಷೆ ಮಾಡಿರಲಿಲ್ಲ ಅಂತ ಡಾಕ್ಟರೇ ಒಪ್ಪಿಕೊಂಡರು. ಫೆಬ್ರವರಿ 22ರಂದು ಗೋರಿ ಅಗೆದು ಹೆಣ ತೆಗೆದು ನೋಡಿದರೆ... ಕುತ್ತಿಗೆಯ ಮೂಳೆ ತಪ್ಪಿತ್ತು, ಶ್ವಾಸನಾಳ ಜಜ್ಜಿಹೋಗಿತ್ತು, ಗಂಟಲ ಮೇಲೆ ಬೆರಳಿನ ಗುರುತು.

ವಿಚಾರಣೆ ಶುರುವಾಗಿದ್ದು ಜೂನ್ 22ಕ್ಕೆ, ಲೂಯಿಸ್‌ಬರ್ಗ್ ಊರಿನಲ್ಲಿ. ಅಲ್ಲಿ 1837ರ ಕೋರ್ಟು ಕಟ್ಟಡ ಇವತ್ತಿಗೂ ಇದೆ. ನನಗೆ ಬಹಳ ಹಿಡಿಸಿದ ಭಾಗ ಇದು. ಪ್ರೆಸ್ಟನ್ ಕೋರ್ಟಿನಲ್ಲಿ ದೆವ್ವದ ಸುದ್ದಿಯನ್ನೇ ಎತ್ತಲಿಲ್ಲ. ಎತ್ತಿದರೆ ಕೇಸು ನಗೆಪಾಟಲಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಎತ್ತಿದ್ದು ಆರೋಪಿಯ ಕಡೆಯ ವಕೀಲ! ಈ ಮುದುಕಿಗೆ ಭ್ರಮೆ ಅಂತ ತೋರಿಸೋಣ ಅಂತ ಪಾಟೀಸವಾಲಿಗೆ ಇಳಿದ. ಕನಸಾಗಿರಬಹುದಲ್ಲವೇ ಅಂತ ಮತ್ತೆ ಮತ್ತೆ ಕೇಳಿದ. ಆಕೆ ಕದಲಲಿಲ್ಲ. ಕನಸಲ್ಲ, ಎಚ್ಚರವಾಗಿದ್ದೆ, ಅಷ್ಟೇ.

ದೆವ್ವ ಏನು ಹೇಳಿತು ಅಂತ ಕೇಳಿದರೆ ಆಕೆ ಕೊಟ್ಟ ಉತ್ತರ ಕೇಳಿ. ರಾತ್ರಿ ಊಟಕ್ಕೆ ಮಾಂಸ ಮಾಡಿಲ್ಲ ಅಂತ ಗಂಡನಿಗೆ ಸಿಟ್ಟು ಬಂತಂತೆ. ಆದರೆ ಮನೆಯಲ್ಲಿ ಬೇಕಾದಷ್ಟು ಇತ್ತಂತೆ. ಬೆಣ್ಣೆ ಇತ್ತು, ಸೇಬು ಇತ್ತು, ಸೇಬಿನ ಮುರಬ್ಬ ಇತ್ತು, ಪೇರ್, ಚೆರ್ರಿ, ರಾಸ್ಪ್‌ಬೆರಿ ಜೆಲ್ಲಿ ಇತ್ತು. ನೋಡಿ, ಸತ್ತು ಬಂದ ಮಗಳು ಅಮ್ಮನ ಮುಂದೆ ಅಡುಗೆಮನೆಯ ಲೆಕ್ಕ ಒಪ್ಪಿಸುತ್ತಿದ್ದಾಳೆ! ನಾನೇನೂ ಕಡಿಮೆ ಮಾಡಿರಲಿಲ್ಲ ಅಮ್ಮಾ, ಅಂತ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಜುಲೈನಲ್ಲಿ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ತೀರ್ಮಾನ ಹೇಳಿತು. ಶೂಗೆ ಜೀವಾವಧಿ ಶಿಕ್ಷೆ. 1900ರಲ್ಲಿ ಮೌಂಡ್ಸ್‌ವಿಲ್ ಜೈಲಿನಲ್ಲೇ ಸತ್ತ. ಊರ ಹತ್ತಿರ ರಸ್ತೆ ಪಕ್ಕ ಸರ್ಕಾರವೇ ಒಂದು ಫಲಕ ನೆಟ್ಟಿದೆ. ದೆವ್ವದ ಸಾಕ್ಷಿಯಿಂದ ಕೊಲೆಗಾರನಿಗೆ ಶಿಕ್ಷೆಯಾದ, ಗೊತ್ತಿರುವ ಏಕೈಕ ಪ್ರಕರಣ ಇದು ಅನ್ನುತ್ತದೆ ಆ ಫಲಕ.

ನನಗೆ ಅದು ಪೂರ್ತಿ ಸರಿ ಅನಿಸುವುದಿಲ್ಲ. ಸಾಕ್ಷಿ ಹೇಳಿದ್ದು ಮುರಿದ ಕುತ್ತಿಗೆ. ಕೇಟಿ ಲೆಚರ್ ಲೈಲ್ ಎಂಬ ಲೇಖಕಿ 1986ರಲ್ಲಿ ಈ ಪ್ರಕರಣದ ಮೇಲೊಂದು ಪುಸ್ತಕ ಬರೆದರು. ಜೋನಾಳ ಸಾವಿನ ಸುದ್ದಿ ಬಂದ ಊರ ಪತ್ರಿಕೆಯ ಅದೇ ಸಂಚಿಕೆಯಲ್ಲಿ, ಆಸ್ಟ್ರೇಲಿಯಾದಲ್ಲಿ ದೆವ್ವದಿಂದ ಕೊಲೆಯೊಂದು ಬಯಲಾದ ಕಥೆಯೂ ಅಚ್ಚಾಗಿದ್ದುದನ್ನು ಅವರು ತೋರಿಸಿದ್ದಾರೆ. ಮೇರಿ ಜೇನ್ ಅದನ್ನು ಓದಿದ್ದಳೇ? ಓದಿದ್ದರೂ ನನ್ನ ಕಣ್ಣಿಗೆ ಆಕೆ ಸುಳ್ಳುಗಾತಿ ಆಗುವುದಿಲ್ಲ. ನನ್ನ ಅಳಿಯನ ಮೇಲೆ ನನಗೆ ಅನುಮಾನ ಅಂತ ಒಬ್ಬ ಹಳ್ಳಿಯ ಹೆಂಗಸು ಹೇಳಿದ್ದರೆ, ಹೆತ್ತ ಸಂಕಟ ಬಿಡಮ್ಮಾ ಅಂತ ಸಮಾಧಾನ ಮಾಡಿ ಮನೆಗೆ ಕಳಿಸುತ್ತಿದ್ದರೇನೋ. ಸತ್ತ ಮಗಳೇ ಬಂದು ಹೇಳಿದಳು ಅಂದಾಗ ಊರು ಕಿವಿ ಕೊಟ್ಟಿತು.

ಚಿಕ್ಕಂದಿನಲ್ಲಿ ನಮ್ಮ ಕೇರಿಯಲ್ಲಿ ಒಬ್ಬ ಸೊಸೆಗೆ ಆಗಾಗ ಮೈಮೇಲೆ ಬರುತ್ತಿತ್ತು. ಉಳಿದ ದಿನ ತಲೆ ಎತ್ತದವಳು ಆಗ ಮಾತ್ರ ಅತ್ತೆಯನ್ನು ಏಕವಚನದಲ್ಲಿ ಜಾಡಿಸುತ್ತಿದ್ದಳು. ಅತ್ತೆ ಕೈಮುಗಿದು ನಿಂತು ಕೇಳುತ್ತಿದ್ದರು. ನಾವು ಹುಡುಗರು ಕಿಟಕಿಯಿಂದ ನೋಡಿ ಹೆದರಿ ಓಡುತ್ತಿದ್ದೆವು. ಆ ದೆವ್ವ ಯಾರದ್ದು ಅಂತ ಅವತ್ತು ಅರ್ಥವಾಗಿರಲಿಲ್ಲ, ಈಗ ಸ್ವಲ್ಪ ಆಗುತ್ತಿದೆ.

ಮೇರಿ ಜೇನ್ 1916ರವರೆಗೆ ಬದುಕಿದ್ದಳು. ಸಾಯುವವರೆಗೂ ತಾನು ಹೇಳಿದ ಮಾತು ಬದಲಿಸಲಿಲ್ಲ.

ನಿಮ್ಮೂರ ದೆವ್ವಗಳು ಏನೇನು ಹೇಳಿದ್ದವು? ನೆನಪಿದ್ದರೆ ನೀವೂ ಬರೆಯಿರಿ.