ಮೈಕಿನ ಸದ್ದಿನಲ್ಲಿ ಕೇಳದೇ ಹೋದ ಕೂಗು

ಲೊಕ್ಕನಹಳ್ಳಿ ಸುತ್ತಮುತ್ತ ರಾತ್ರಿ ಹೊಲ ಕಾಯುವವರಿಗೆ ಕಣ್ಣಿಗಿಂತ ಕಿವಿಯೇ ಆಸರೆ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡುಗಳ ನಡುವೆ ಆನೆಗಳು ಓಡಾಡುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರ್ ಇರುವುದು ಈ ಭಾಗದಲ್ಲೇ. ಕೊಂಬೆ ಮುರಿದ ಸದ್ದು, ಜೋಳದ ದಂಟು ತುಳಿದ ಸದ್ದು, ಪಕ್ಕದ ಹೊಲದವರು 'ಆನೆ ಬಂತು' ಎಂದು ಕೂಗಿದ್ದು ಕಿವಿಗೆ ಬಿದ್ದರೆ ಜೀವ ಉಳಿಯುತ್ತದೆ. ಊರಲ್ಲಿ ಡಿಜೆ ಹಾಕಿದ ರಾತ್ರಿ ಇದ್ಯಾವುದೂ ಕೇಳಿಸುವುದಿಲ್ಲ.

'ರಾತ್ರಿ ಹತ್ತಕ್ಕೆ ಮೈಕ್ ಬಂದ್' ಅನ್ನುವುದು ಪೇಟೆಯವರ ನಿದ್ದೆಗಾಗಿ ಮಾಡಿದ ಕಾನೂನು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದರ ಕಥೆ ಬೇರೆಯೇ ಇದೆ.

ಹಿಂದೆ ಸದ್ದಿಗೆ ಮನುಷ್ಯನ ರಟ್ಟೆಯೇ ಮಿತಿ. ತಮಟೆ ಬಡಿಯುವವರ ಕೈ ಸೋತರೆ ಸದ್ದೂ ನಿಲ್ಲುತ್ತಿತ್ತು. 1915ರಲ್ಲಿ ಅಮೆರಿಕದ ಜೆನ್ಸನ್ ಮತ್ತು ಪ್ರಿಧಮ್ ಎಂಬಿಬ್ಬರು ಧ್ವನಿವರ್ಧಕವನ್ನು ಜನರ ಮುಂದೆ ಬಳಸಿ ತೋರಿಸಿದರು. ಮುಂದೆ ಅದು ನಮ್ಮ ಜಾತ್ರೆ, ಮದುವೆ, ಚುನಾವಣೆಗಳಿಗೂ ಬಂತು. ಮೈಕಿಗೆ ದಣಿವಿಲ್ಲ.

ಕಾನೂನು ಬಂದದ್ದು ತಡವಾಗಿ. 1981ರ ವಾಯುಮಾಲಿನ್ಯ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದು ಶಬ್ದವನ್ನೂ ಮಾಲಿನ್ಯ ಎಂದರು. 2000ದ ಫೆಬ್ರವರಿಯಲ್ಲಿ ಶಬ್ದಮಾಲಿನ್ಯ ನಿಯಮಗಳು ಬಂದವು. ಜನವಸತಿ ಇರುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಹತ್ತು ಡೆಸಿಬಲ್ ಹೆಚ್ಚಾಯಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಯಿತು ಎಂದರ್ಥ.

ಆ ಹೊತ್ತಿಗೆ ಸುಪ್ರೀಂ ಕೋರ್ಟಿನಲ್ಲಿ ಎಂಜಿನಿಯರ್ ಒಬ್ಬರು ಹಾಕಿದ್ದ ಅರ್ಜಿಯೊಂದಿತ್ತು. ಅದಕ್ಕೆ ಕಾರಣ ಪತ್ರಿಕೆಯ ಒಂದು ವರದಿ. 13 ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ನಡೆದಾಗ ಅವಳು ಕೂಗಿಕೊಂಡದ್ದು ಹತ್ತಿರದ ಲೌಡ್‌ಸ್ಪೀಕರ್ ಹಾಡಿನಲ್ಲಿ ಮುಳುಗಿಹೋಗಿತ್ತು. ಅವಳು ಅದೇ ಸಂಜೆ ಬೆಂಕಿ ಹಚ್ಚಿಕೊಂಡು ತೀರಿಕೊಂಡಳು. 2005ರ ಜುಲೈ 18ರಂದು ಕೋರ್ಟ್ ಈ ಪ್ರಕರಣದಲ್ಲಿ ತೀರ್ಪು ಕೊಟ್ಟು, ಶಬ್ದದ ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿ ಎಂದಿತು.

ಹಬ್ಬ ನಿಲ್ಲಿಸಿ ಎಂದು ಕಾನೂನು ಹೇಳಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಮೈಕ್ ಹಾಕುವ ಮುನ್ನ ಲಿಖಿತ ಅನುಮತಿ ಬೇಕು. 2022ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರವೂ ಆದೇಶ ಹೊರಡಿಸಿ ಇದನ್ನೇ ನೆನಪಿಸಿತು. ಮಿತಿ ಮೀರಿದರೆ 112ಕ್ಕೆ ಕರೆ ಮಾಡಬಹುದು.

ಅದಕ್ಕೂ ಮೊದಲು ಊರಿನ ಹಿರಿಯರೇ ಮೈಕ್ ಸೆಟ್‌ನವರಿಗೆ ಒಂದು ಮಾತು ಹೇಳಬಹುದು: 'ಹತ್ತಾಯ್ತು, ನಿಲ್ಲಿಸಪ್ಪ. ಹೊಲದಲ್ಲಿ ನಮ್ಮೋರಿದ್ದಾರೆ.'